ಬಾನ್ಯೋಲೆಸ್ ಸರೋವರದಿಂದ ಎಬ್ರೊ ಮುಖಜಭೂಮಿಗೆ: ಕಪ್ಪೆಚಿಪ್ಪುಗಳ ಜಾಡು ಹಿಡಿದು

ಮೊದಲ ದಿನ: ಬಾನ್ಯೋಲೆಸ್

ಸ್ಪೇನಿನ ಈಶಾನ್ಯದಲ್ಲಿ ಸಿಹಿನೀರಿನ ಕಪ್ಪೆಚಿಪ್ಪುಗಳನ್ನು ನೋಡುತ್ತ ಸಾಗುವ ಆರು ದಿನಗಳ ಈ ದಾರಿಗೆ ಮೇ ತಿಂಗಳು ಸರಿಯಾದ ಕಾಲ. ಯೂನಿಯೊ ಕುಲದ ಕಪ್ಪೆಚಿಪ್ಪುಗಳು ಕಿವಿರಿನಲ್ಲಿ ಮರಿ ತುಂಬಿಕೊಂಡಿರುತ್ತವೆ, ಹೊಳೆಗಳು ಇನ್ನೂ ಬತ್ತಿರುವುದಿಲ್ಲ, ಬೇಸಿಗೆಯ ಪಾಚಿ ಇನ್ನೂ ತಳವನ್ನು ಮುಚ್ಚಿರುವುದಿಲ್ಲ. ಬಾರ್ಸಿಲೋನಾದಿಂದ ಹೈಸ್ಪೀಡ್ ರೈಲಿನಲ್ಲಿ ಗಿರೋನಾಕ್ಕೆ ಸುಮಾರು ನಲವತ್ತು ನಿಮಿಷ. ಅಲ್ಲಿಂದ ಬಸ್ಸಿನಲ್ಲಿ ಬಾನ್ಯೋಲೆಸ್.

ಸರೋವರದ ಹರಹು ಸುಮಾರು 112 ಹೆಕ್ಟೇರ್, ಉದ್ದ ಎರಡು ಕಿಲೋಮೀಟರಿಗೆ ತುಸು ಹೆಚ್ಚು, ಅತಿ ಆಳದ ಜಾಗದಲ್ಲಿ ಸುಮಾರು 46 ಮೀಟರ್. 1992ರ ಒಲಿಂಪಿಕ್ಸ್‌ನ ದೋಣಿ ಸ್ಪರ್ಧೆಗಳು ಇಲ್ಲಿಯೇ ನಡೆದವು. ದೊಡ್ಡ ಹೊಳೆಯೊಂದು ಬಂದು ತುಂಬಿದ ನೀರಲ್ಲ ಇದು. ಉತ್ತರದ ಗರೋಚಾ ಸುಣ್ಣಕಲ್ಲಿನ ಬೆಟ್ಟಗಳಲ್ಲಿ ಇಂಗಿದ ಮಳೆ ನೆಲದಡಿಯಲ್ಲಿ ಹರಿದು ಬಂದು, ತಳದ ಗುಂಡಿಗಳಿಂದ ಉಕ್ಕುತ್ತದೆ. ನೀರಿನಲ್ಲಿ ಸುಣ್ಣ ಧಾರಾಳವಾಗಿರುವುದರಿಂದ ಚಿಪ್ಪು ಕಟ್ಟುವ ಜೀವಿಗೆ ಇಲ್ಲಿ ಸಾಮಗ್ರಿಯ ಕೊರತೆ ಇಲ್ಲ. ಆದರೆ ಕೆಲವು ಗುಂಡಿಗಳ ತಳದಲ್ಲಿ ಆಮ್ಲಜನಕವೇ ಇರುವುದಿಲ್ಲ. ಹಾಗಾಗಿ ಕಪ್ಪೆಚಿಪ್ಪುಗಳೆಲ್ಲ ಅಂಚಿನ ಆಳವಿಲ್ಲದ ಪಟ್ಟಿಯಲ್ಲಿ, ಜೊಂಡಿನ ಬುಡದ ಮರಳು ಮತ್ತು ಮೆದು ಹೂಳಿನಲ್ಲಿ ಸಿಗುತ್ತವೆ.

ನೋಡುವ ಕ್ರಮ ಹೀಗೆ. ಹದಿನೈದು ಇಪ್ಪತ್ತು ಸೆಂಟಿಮೀಟರ್ ಅಗಲದ ಪಿವಿಸಿ ಪೈಪಿನ ಅರವತ್ತು ಸೆಂಟಿಮೀಟರ್ ತುಂಡಿನ ಒಂದು ಬಾಯಿಗೆ ಪಾರದರ್ಶಕ ಅಕ್ರಿಲಿಕ್ ತಟ್ಟೆಯನ್ನು ಸಿಲಿಕೋನಿನಿಂದ ಅಂಟಿಸಿದರೆ ನೀರೊಳಗೆ ನೋಡುವ ಕೊಳವೆ ಸಿದ್ಧ. ಒಳಬದಿಗೆ ಕಪ್ಪು ಬಣ್ಣ ಬಳಿಯಬೇಕು. ಇಲ್ಲವಾದರೆ ಬಿಸಿಲಿನ ಪ್ರತಿಫಲನ ಕಣ್ಣು ಕುಕ್ಕುತ್ತದೆ. ಹೊಳೆಯಲ್ಲಾದರೆ ಹರಿವಿಗೆ ಎದುರಾಗಿ ನಡೆಯಬೇಕು, ಕಾಲು ಕದಡಿದ ಹೂಳು ಆಗ ಹಿಂದಕ್ಕೆ ಹೋಗುತ್ತದೆ. ಚಿಪ್ಪು ಕಂಡೀತೆಂದು ಕಾಯುವವರಿಗೆ ಅರ್ಧದಷ್ಟೂ ಕಾಣುವುದಿಲ್ಲ. ಹುಡುಕಬೇಕಾದದ್ದು ಮರಳಿನ ಮೇಲೆ ತೆರೆದಿರುವ ಜೋಡಿ ಸೀಳುಗಳನ್ನು. ಒಂದರ ಅಂಚಿನಲ್ಲಿ ಸಣ್ಣ ಸಣ್ಣ ಎಳೆಗಳಿರುತ್ತವೆ, ನೀರು ಒಳಹೋಗುವುದು ಅದರಿಂದ. ನುಣುಪಾದ ಇನ್ನೊಂದು ಹೊರಬಿಡುವ ದಾರಿ. ನೆರಳು ಬಿದ್ದ ಕ್ಷಣ ಎರಡೂ ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಲ್ಲಬಾರದು.

ಬಾನ್ಯೋಲೆಸ್ ಸುತ್ತಲಿನ ನೀರುಗಳಲ್ಲಿ ಮೂರು ಸ್ಥಳೀಯ ಜಾತಿಗಳಿವೆ. ಉದ್ದನೆಯ ಕಂದು ಚಿಪ್ಪಿನ ಯೂನಿಯೊ ಮಾಂಕಸ್, ಅದಕ್ಕೆ ಬಹಳ ಹತ್ತಿರದ ಯೂನಿಯೊ ರವೊಸಿಯೇರಿ, ತೆಳು ಚಿಪ್ಪಿನ ಅನೊಡೊಂಟ ಅನಾಟಿನ. ಸತ್ತ ಚಿಪ್ಪನ್ನು ಬಿಡಿಸಿ ಒಳಗಿನ ಕೀಲು ನೋಡಿದರೆ ಅನೊಡೊಂಟಕ್ಕೆ ಹಲ್ಲುಗಳೇ ಇಲ್ಲ, ಯೂನಿಯೊಗಳಿಗೆ ಇವೆ. ಎರಡು ಯೂನಿಯೊಗಳನ್ನು ಹೊರಗಿನಿಂದ ನೋಡಿ ಬೇರ್ಪಡಿಸುವುದು ನಂಬಿಕೆಗೆ ಅರ್ಹವಲ್ಲ. ಆಕಾರ ನೀರಿನ ವೇಗಕ್ಕೂ ತಳದ ಗುಣಕ್ಕೂ ತಕ್ಕಂತೆ ಬದಲಾಗುತ್ತದೆ. ಅವನ್ನು ಖಚಿತಪಡಿಸಿದ್ದು ಡಿಎನ್‌ಎ. ರವೊಸಿಯೇರಿಯ ಮುಖ್ಯ ನೆಲೆ ಇರುವುದು ಸಮುದ್ರದಾಚೆ, ಟ್ಯುನೀಸಿಯಾ ಮತ್ತು ಅಲ್ಜೀರಿಯಾದಲ್ಲಿ. ಯುರೋಪಿನಲ್ಲಿ ಅದು ಗೊತ್ತಿರುವುದು ಈ ಮೂಲೆಯಲ್ಲಿ ಮಾತ್ರ. ಮೆಡಿಟರೇನಿಯನ್ ಸುತ್ತ ಇಂಥ ಉದಾಹರಣೆಗಳು ಇನ್ನೂ ಇವೆ: ಸ್ಪೇನಿನ ತೆಂಕಣ ತುದಿಯ ಬರ್ಬಾತೆ ನದಿಯ ಯೂನಿಯೊ ಗಿಬ್ಬಸ್, ಮೊರಾಕ್ಕೊದ ಊಮ್ ಎರ್ ರ್‍ಬಿಯಾ ಮುಂತಾದ ಕೆಲವೇ ಕೊಳ್ಳಗಳಿಗೆ ಸೀಮಿತವಾದ ಸ್ಯೂಡುನಿಯೊ ಮರೊಕಾನಸ್. ಬೇಸಿಗೆಯಲ್ಲಿ ಬತ್ತುವ, ಒಂದನ್ನೊಂದು ಮುಟ್ಟದೆ ನೇರ ಸಮುದ್ರ ಸೇರುವ ಸಣ್ಣ ನದಿಗಳ ನಾಡು ಇದು. ಒಂದು ಕೊಳ್ಳದಲ್ಲಿ ಸಿಕ್ಕಿಬಿದ್ದ ಜೀವಕ್ಕೆ ಪಕ್ಕದ ಕೊಳ್ಳಕ್ಕೆ ದಾಟಲು ದಾರಿಯೇ ಇರಲಿಲ್ಲ.

ಸರೋವರದ ಅಂಚಿನಲ್ಲಿ ದೊಡ್ಡ ಚಿಪ್ಪುಗಳು ಕಂಡಾಗ ಸಮಾಧಾನವಾಗುತ್ತದೆ. ಅಲ್ಲಿಯೇ ಎಚ್ಚರ ಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ಮರಿಗಳಿವೆಯೇ? ಕಪ್ಪೆಚಿಪ್ಪು ದಶಕಗಳ ಕಾಲ ಬದುಕುತ್ತದೆ. ಕೊನೆಯ ಮರಿ ಹುಟ್ಟಿ ಇಪ್ಪತ್ತು ವರ್ಷ ಕಳೆದಿದ್ದರೂ ತಳ ಚಿಪ್ಪುಗಳಿಂದ ತುಂಬಿರಬಹುದು. ಮರಿಗಳು ಮೊದಲ ಕೆಲವು ವರ್ಷ ಪೂರ್ತಿ ಹೂತುಕೊಂಡೇ ಇರುವುದರಿಂದ ಕೊಳವೆಯಲ್ಲಿ ನೋಡಿ ಎಣಿಸಿದ ಲೆಕ್ಕದಲ್ಲಿ ಅವು ಬರುವುದೇ ಇಲ್ಲ. ಅದಕ್ಕೆ ಅರ್ಧ ಮೀಟರ್ ಚದರದ ಚೌಕಟ್ಟು ಇಟ್ಟು, ಒಳಗಿನ ಮರಳನ್ನು ಹತ್ತು ಹದಿನೈದು ಸೆಂಟಿಮೀಟರ್ ಆಳದವರೆಗೆ ತೆಗೆದು ಜರಡಿ ಹಿಡಿಯಬೇಕು. ಈ ಕೆಲಸಕ್ಕೆ ಇಲಾಖೆಯ ಪರವಾನಗಿ ಕಡ್ಡಾಯ; ಪ್ರವಾಸಿಗರು ಮುಟ್ಟುವಂತಿಲ್ಲ, ಮುಟ್ಟಬೇಕಾಗಿಯೂ ಇಲ್ಲ.

ಇಲ್ಲಿ ಮರಿಗಳು ಕಾಣೆಯಾಗಲು ಕಾರಣ ಮೀನು. ತಾಯಿ ಚಿಪ್ಪು ಹೊರಬಿಡುವ ಗ್ಲೋಕಿಡಿಯಾ ಎಂಬ ಲಾರ್ವಾ, ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಂಡು ಕೆಲವು ವಾರ ಕಳೆದರೆ ಮಾತ್ರ ಚಿಪ್ಪಿನ ಮರಿಯಾಗುತ್ತದೆ. ಎಲ್ಲ ಮೀನೂ ಆಗುವುದಿಲ್ಲ. ಒಗ್ಗದ ಮೀನಿನ ದೇಹ ಕೆಲವೇ ದಿನಗಳಲ್ಲಿ ಲಾರ್ವಾವನ್ನು ಕೊಡವಿ ಹಾಕುತ್ತದೆ. ಸರೋವರದಲ್ಲಿ ಮೊದಲಿದ್ದವು ಬಾರ್ಬ್, ಚಬ್, ಬ್ಲೆನಿ, ಹಾವುಮೀನು. ಇಪ್ಪತ್ತನೇ ಶತಮಾನದಲ್ಲಿ ಗಾಳದ ಮೋಜಿಗೆಂದು ತಂದುಬಿಟ್ಟ ಅಮೆರಿಕದ ಬಾಸ್ ಮತ್ತು ಪಂಪ್ಕಿನ್‌ಸೀಡ್ ಮೀನುಗಳು ಇವುಗಳ ಮರಿಗಳನ್ನು ನುಂಗುತ್ತ ಬಂದವು. 2010ರಿಂದ 2013ರವರೆಗೆ ಯುರೋಪ್ ಒಕ್ಕೂಟದ ಲೈಫ್ ಎಂಬ ಪರಿಸರ ನಿಧಿಯ ನೆರವಿನಲ್ಲಿ, ಸರೋವರದ ಉಸ್ತುವಾರಿ ನೋಡುವ ಕಾನ್ಸೋರ್ಸಿ ಸಂಸ್ಥೆ ಹೊರಗಿನ ಮೀನುಗಳನ್ನು ಹಿಡಿದು ತೆಗೆಯುವ ಯೋಜನೆ ನಡೆಸಿತು. ಬಾಸ್ ವಸಂತದಲ್ಲಿ ಅಂಚಿಗೆ ಬಂದು ಗೂಡು ಮಾಡಿ ಕಾವಲು ನಿಲ್ಲುತ್ತದೆ. ದೋಣಿಯಿಂದ ವಿದ್ಯುತ್ ಹಾಯಿಸಿ ಹಿಡಿಯಲು ಅದೇ ಸರಿಯಾದ ಹೊತ್ತು. ಆಳಕ್ಕೆ ಇಳಿದ ಮೇಲೆ ವಿದ್ಯುತ್ತಿನ ಬಲ ಅಲ್ಲಿಗೆ ಮುಟ್ಟುವುದಿಲ್ಲ. ಒಂದೆರಡು ವರ್ಷ ಕೈಬಿಟ್ಟರೆ ಅವು ಮತ್ತೆ ಹೆಚ್ಚುತ್ತವೆ, ಹಾಗಾಗಿ ಮುಗಿಯಿತು ಎನ್ನುವಂಥ ಕೆಲಸವಲ್ಲ ಇದು.

ಸಂಜೆ ದಡದ ಸುತ್ತು ಹಾಕಿದರೆ ನೀರಿನ ಮೇಲೆ ಕಟ್ಟಿದ ಹಳೆಯ ಮೀನುಗಾರಿಕೆ ಮನೆಗಳೂ ಪೊರ್ಕೇರೆಸ್‌ನ ಪುರಾತನ ಚರ್ಚೂ ಸಿಗುತ್ತವೆ. ಸರೋವರದ ನೀರನ್ನು ಊರೊಳಗೆ ಹಾಯಿಸುವ ಕಾಲುವೆಗಳನ್ನು ಬೆನೆಡಿಕ್ಟೀನ್ ಸನ್ಯಾಸಿಗಳು ತೆಗೆಸಿದರು. ಇಂದಿಗೂ ಬೀದಿಗಳ ನಡುವೆ ನೀರು ಹರಿಯುತ್ತದೆ.

ಎರಡನೇ ದಿನ: ಸೆರ್ ನದಿ, ಮರಿ ಸಾಕುವ ಕೆಲಸ

ಸೆರ್ ಎಂಬುದು ಫ್ಲುವಿಯಾ ನದಿಯನ್ನು ಸೇರುವ ಒಂದು ಚಿಕ್ಕ ಹೊಳೆ. ಮಳೆಗಾಲ ಮುಗಿದ ಮೇಲೆ ಅಲ್ಲಲ್ಲಿ ಮಡುಗಳಾಗಿ ಒಡೆದುಹೋಗುತ್ತದೆ. ರವೊಸಿಯೇರಿ ಬದುಕುಳಿದಿರುವುದು ಇಂಥ ಕಡೆ. ಮಡುವಿನ ತಲೆಯಲ್ಲಿ ನೀರು ಜಲ್ಲಿಯ ಮೂಲಕ ಸೋಸಿ ಬರುವ ಜಾಗ, ಹೊಳೆಬದಿಯ ಮರಗಳ ಬೇರು ನೀರಿಗೆ ಇಳಿದಿರುವ ಜಾಗ, ಇವೆರಡನ್ನು ನೋಡಿದರೆ ಸಾಕು. ಬೇರಿನ ನೆರಳಿನಲ್ಲಿ ನೀರು ತಂಪಾಗಿರುತ್ತದೆ, ಪ್ರವಾಹ ಬಂದಾಗ ಅಲ್ಲಿನ ಮಣ್ಣು ಕೊಚ್ಚಿಹೋಗುವುದಿಲ್ಲ.

ಬರ ಈ ಹೊಳೆಗಳ ದೊಡ್ಡ ಶತ್ರು. 2021ರಿಂದ 2024ರವರೆಗೆ ಈ ಭಾಗದ ಕಟಲೋನಿಯಾ ಪ್ರಾಂತ್ಯ ಕಂಡ ಬರ ಎಷ್ಟು ತೀವ್ರವಾಗಿತ್ತೆಂದರೆ 2024ರ ಫೆಬ್ರವರಿಯಲ್ಲಿ ಬಾರ್ಸಿಲೋನಾ ಮತ್ತು ಗಿರೋನಾ ಭಾಗಗಳಲ್ಲಿ ತುರ್ತುಸ್ಥಿತಿ ಘೋಷಿಸಬೇಕಾಯಿತು. ನೀರು ಇಳಿದಾಗ ಕಪ್ಪೆಚಿಪ್ಪು ಮೊದಲು ಆಳಕ್ಕೆ ತೆವಳಲು ನೋಡುತ್ತದೆ, ಆಗದಿದ್ದರೆ ಹೂತುಕೊಂಡು ಬಾಯಿ ಬಿಗಿಯುತ್ತದೆ. ಒದ್ದೆ ಮಣ್ಣಿನಲ್ಲಿ ಕೆಲವು ವಾರ ತಾಳಬಲ್ಲದು. ಆದರೆ ಉಳಿದ ಮಡುವಿನಲ್ಲಿ ನೀರು ಬಿಸಿಯಾಗಿ, ಕೊಳೆತ ಎಲೆಗಳು ಆಮ್ಲಜನಕ ತಿಂದುಹಾಕಿದರೆ ನೀರೊಳಗಿದ್ದೂ ಸಾಯುತ್ತದೆ.

ಇಂಥಲ್ಲಿಂದ ಚಿಪ್ಪುಗಳನ್ನು ಎತ್ತಿ ಸಾಗಿಸುವಾಗ ಆಗುವ ಸಾಮಾನ್ಯ ತಪ್ಪು ಬಕೆಟ್ಟಿನ ನೀರು. ಗಾಳಿ ಹಾಯಿಸದ ಬಕೆಟ್ಟಿನಲ್ಲಿ ಐವತ್ತು ಚಿಪ್ಪುಗಳನ್ನು ತುಂಬಿದರೆ ಸ್ವಲ್ಪ ಹೊತ್ತಿನಲ್ಲೇ ಆಮ್ಲಜನಕ ಮುಗಿಯುತ್ತದೆ. ಅದಕ್ಕಿಂತ ಒದ್ದೆ ಬಟ್ಟೆ ಸುತ್ತಿ, ತಂಪು ಪೆಟ್ಟಿಗೆಯಲ್ಲಿ, ಐಸಿಗೆ ನೇರ ತಾಗದಂತೆ ಇಡುವುದು ಕ್ಷೇಮ. ಬಿಗಿದ ಚಿಪ್ಪು ಒಳಗಿನ ತೇವದಲ್ಲೇ ಗಂಟೆಗಟ್ಟಲೆ ಉಳಿಯುತ್ತದೆ. ಹೊಸ ಜಾಗದಲ್ಲಿ ಬಿಡುವಾಗ ಎಸೆಯುವಂತಿಲ್ಲ. ಪಾದವಿರುವ ದುಂಡು ತುದಿ ಮರಳಿಗೆ, ಸೀಳುಗಳಿರುವ ತುದಿ ಮೇಲಕ್ಕೆ ಬರುವಂತೆ ಒಂದೊಂದನ್ನೇ ನೆಡಬೇಕು. ಮಗುಚಿಬಿದ್ದದ್ದು ತಿರುಗಿ ನಿಲ್ಲಲು ಖರ್ಚು ಮಾಡುವ ಶಕ್ತಿ ಬರದಲ್ಲಿ ಸೊರಗಿದ ಜೀವಕ್ಕೆ ಸಣ್ಣದಲ್ಲ. ಒಂದು ಕೊಳ್ಳದ ಚಿಪ್ಪನ್ನು ಇನ್ನೊಂದಕ್ಕೆ ಬಿಡಲೇಬಾರದು. ಸಾವಿರಾರು ವರ್ಷ ಬೇರೆಬೇರೆಯಾಗಿ ಬೆಳೆದ ವಂಶಗಳು ಒಂದೇ ಮಧ್ಯಾಹ್ನದಲ್ಲಿ ಬೆರೆತುಹೋಗುತ್ತವೆ.

ಹೊಳೆಯಲ್ಲಿ ಉಳಿದಿರುವುದು ಮುದಿ ಚಿಪ್ಪುಗಳಷ್ಟೇ ಆದಾಗ ಸಾಕಣೆಯೊಂದೇ ದಾರಿ. 2014ರಿಂದ 2018ರವರೆಗೆ ನಡೆದ ಲೈಫ್ ಪೊಟಾಮೊ ಫೌನಾ ಯೋಜನೆ, ಬಾನ್ಯೋಲೆಸ್‌ನ ಅದೇ ಕಾನ್ಸೋರ್ಸಿಯ ಮುಂದಾಳತ್ವದಲ್ಲಿ, ಸ್ಥಳೀಯ ಬಿಳಿ ಕಾಲಿನ ಕ್ರೇಫಿಶ್ (ಇಕ್ಕುಳಗಾಲಿನ, ಸೀಗಡಿಯಂಥ ಸಿಹಿನೀರಿನ ಜೀವಿ) ಮತ್ತು ಕೆರೆಯಾಮೆಗಳ ಜೊತೆಗೆ ಈ ಎರಡು ಯೂನಿಯೊಗಳನ್ನೂ ಕೈಗೆತ್ತಿಕೊಂಡಿತು. ಇಂಥ ಸಾಕಣೆಯ ಹಂತಗಳನ್ನು ಬಿಡಿಸಿ ಹೇಳುವುದು ಒಳ್ಳೆಯದು. ಕರ್ನಾಟಕದ ಕೆರೆ ಹೊಳೆಗಳಲ್ಲಿರುವ ಲ್ಯಾಮೆಲ್ಲಿಡೆನ್ಸ್, ಪ್ಯಾರೇಸಿಯ ಕಪ್ಪೆಚಿಪ್ಪುಗಳೂ ಮೀನನ್ನು ನಂಬಿಯೇ ಮರಿಯಾಗುವಂಥವು.

ಮೊದಲು ಬಸುರಿ ಚಿಪ್ಪುಗಳನ್ನು ಗುರುತಿಸಬೇಕು. ಅಗಲ ಮೂತಿಯ, ಹಿಡಿತ ಮೀರಿ ತೆರೆಯದಂತೆ ತಡೆ ಇರುವ ಇಕ್ಕಳದಿಂದ ಚಿಪ್ಪನ್ನು ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಬಿಡಿಸಿ ಕಿವಿರು ನೋಡುತ್ತಾರೆ. ಉಬ್ಬಿ ಬಣ್ಣ ಬದಲಾಗಿದ್ದರೆ ಲಾರ್ವಾ ತುಂಬಿದೆ. ಇನ್ನೂ ಸ್ವಲ್ಪ ಬಿಡಿಸೋಣ ಎಂದು ಒತ್ತಿದರೆ ಚಿಪ್ಪು ಮುಚ್ಚುವ ಸ್ನಾಯು ಹರಿಯುತ್ತದೆ. ಹರಿದ ಮೇಲೆ ಆ ಚಿಪ್ಪು ಉಳಿಯುವುದಿಲ್ಲ. ಲಾರ್ವಾ ಬಲಿತಿದೆಯೇ ಎಂದು ತಿಳಿಯಲು ಕೆಲವನ್ನು ಗಾಜಿನ ತಟ್ಟೆಯಲ್ಲಿಟ್ಟು ಉಪ್ಪಿನ ಒಂದು ಹರಳು ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬಲಿತವು ತಟ್ಟನೆ ಮುಚ್ಚಿಕೊಳ್ಳುತ್ತವೆ. ಹೆಚ್ಚಿನವು ತೆರೆದೇ ಉಳಿದರೆ ಆ ಗುಂಪನ್ನು ಮೀನಿಗೆ ಹಾಕಿ ಫಲವಿಲ್ಲ.

ಮೀನು ಸ್ಥಳೀಯ ಜಾತಿಯದೇ ಆಗಬೇಕು, ಹಿಂದೆ ಈ ಲಾರ್ವಾ ತಾಗದಿದ್ದದ್ದೂ ಆಗಬೇಕು. ಒಮ್ಮೆ ಎರಡು ಬಾರಿ ತಾಗಿಸಿಕೊಂಡ ಮೀನಿನ ಮೈ ರೋಗನಿರೋಧ ಕಲಿತು ಮುಂದಿನ ಲಾರ್ವಾಗಳನ್ನು ಕೊಡವುತ್ತದೆ. ಗಾಳಿ ಹಾಯುವ ಸಣ್ಣ ತೊಟ್ಟಿಯಲ್ಲಿ ಮೀನು ಮತ್ತು ಲಾರ್ವಾಗಳನ್ನು ಕಾಲು ಗಂಟೆಯಿಂದ ಅರ್ಧ ಗಂಟೆ ಒಟ್ಟಿಗಿಟ್ಟರೆ ಸಾಕು. ಅತಿಯಾಗಿ ಕಚ್ಚಿಕೊಂಡರೆ ಮೀನಿಗೆ ಉಸಿರಾಟವೇ ಕಷ್ಟವಾಗಿ ಮೀನೂ ಹೋಗುತ್ತದೆ, ಲಾರ್ವಾವೂ ಹೋಗುತ್ತದೆ. ಆಮೇಲೆ ನೀರಿನ ಉಷ್ಣತೆಗೆ ತಕ್ಕಂತೆ ಎರಡು ಮೂರು ವಾರಗಳಲ್ಲಿ ಯೂನಿಯೊ ಮರಿಗಳು ಉದುರತೊಡಗುತ್ತವೆ. ತೊಟ್ಟಿಯ ತಳವನ್ನು ದಿನವೂ ಸೈಫನ್ ಮಾಡಿ ಮರಿ ಜಾರಿಹೋಗದಷ್ಟು ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿಯಬೇಕು. ಮರಿಯ ಉದ್ದ ಒಂದು ಮಿಲಿಮೀಟರಿನ ಐದನೇ ಒಂದು ಪಾಲಿನ ಆಸುಪಾಸು.

ಕಷ್ಟ ಶುರುವಾಗುವುದು ಇಲ್ಲಿಂದ. ಮೊದಲ ಕೆಲವು ತಿಂಗಳಲ್ಲಿ ಮರಿ ಪಾದದಿಂದ ಕೆರೆದು ತಿನ್ನುತ್ತದೆ, ದೊಡ್ಡವರಂತೆ ನೀರು ಸೋಸಿ ತಿನ್ನಲು ಅದಕ್ಕೆ ಬರುವುದಿಲ್ಲ. ಸೂಕ್ಷ್ಮ ಪಾಚಿಗಳ ಮಿಶ್ರಣದ ಜೊತೆಗೆ ನದಿಯದೇ ನುಣ್ಣನೆಯ ಮಣ್ಣು ಬೇಕು. ಆಹಾರ ಹೆಚ್ಚಾದರೆ ಕೊಳೆತು ಅಮೋನಿಯಾ ಏಳುತ್ತದೆ, ಅಮೋನಿಯಾಕ್ಕೆ ಮರಿ ಚಿಪ್ಪಿನಷ್ಟು ಸೂಕ್ಷ್ಮ ಜೀವಿಗಳು ನೀರಿನಲ್ಲಿ ಕಡಿಮೆ. ಹೊಳೆಯ ಮಣ್ಣಿನೊಡನೆ ಚಪ್ಪಟೆ ಹುಳುಗಳೂ ಸೊಳ್ಳೆಯಂಥ ಕೈರೊನೊಮಿಡ್ ನೊಣದ ಹುಳುಗಳೂ ಬರುತ್ತವೆ. ನಾಲ್ಕಾರು ಚಪ್ಪಟೆ ಹುಳುಗಳು ಒಂದು ಪೆಟ್ಟಿಗೆಯ ಮರಿಗಳನ್ನು ಒಂದು ವಾರದಲ್ಲಿ ಮುಗಿಸಬಲ್ಲವು. ಹೀಗಾಗಿ ಮಣ್ಣನ್ನು ಮೊದಲು ಶೈತ್ಯೀಕರಿಸಿ ಹುಳು ಕೊಂದು, ವಾರಕ್ಕೊಮ್ಮೆ ಜರಡಿ ಹಿಡಿದು, ಮರಿಗಳನ್ನು ಕುಂಚದ ತುದಿಯಲ್ಲಿ ಒಂದೊಂದಾಗಿ ಬೇರೆ ಪೆಟ್ಟಿಗೆಗೆ ದಾಟಿಸುತ್ತಾರೆ. ಇಷ್ಟು ತಾಳ್ಮೆ ಇಲ್ಲದೆಡೆ ಲಾರ್ವಾ ತಾಗಿಸಿದ ಮೀನನ್ನೇ ಹೊಳೆಗೆ ಬಿಡುವ ಸರಳ ದಾರಿ ಇದೆ. ಅಗ್ಗ, ಸಹಜ. ಆದರೆ ಎಷ್ಟು ಮರಿ ಬದುಕಿದವು ಎಂದು ತಿಳಿಯಲು ವರ್ಷಗಳೇ ಬೇಕು.

ಮೂರನೇ ದಿನ: ಅರಗಾನಿನ ದೊಡ್ಡ ನಾಲೆ

ಗಿರೋನಾದಿಂದ ಅರಗಾನ್ ಪ್ರಾಂತ್ಯದ ರಾಜಧಾನಿ ಸರಗೋಸಾಕ್ಕೆ ರೈಲಿನಲ್ಲಿ ಎರಡೂವರೆ ಗಂಟೆಯ ಆಸುಪಾಸು. ಹಸಿರು ಮುಗಿದು ಒಣ ಬಯಲು ಶುರುವಾಗುತ್ತದೆ, ನಡುವೆ ಎಬ್ರೊ ನದಿಯ ಹಸಿರು ಪಟ್ಟಿ. ನಮ್ಮ ಬಯಲುಸೀಮೆಯ ನಾಲೆ ಬಯಲುಗಳನ್ನು ಕಂಡವರಿಗೆ ಇಲ್ಲಿನ ಬದುಕು ಅರ್ಥವಾಗಲು ಹೊತ್ತು ಬೇಕಿಲ್ಲ: ನೀರಿನ ಸರದಿ, ತೂಬು, ಅಚ್ಚುಕಟ್ಟು, ನಾಲೆ ಬಂದ್ ಮಾಡುವ ತಿಂಗಳು.

ಅರಗಾನಿನ ಇಂಪೀರಿಯಲ್ ನಾಲೆ ತುದೇಲಾ ಬಳಿಯ ಎಲ್ ಬೊಕಾಲ್ ಒಡ್ಡಿನಲ್ಲಿ ಎಬ್ರೊದಿಂದ ಕವಲೊಡೆದು ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿಯುತ್ತದೆ. ಹದಿನಾರನೇ ಶತಮಾನದಲ್ಲಿ ಚಕ್ರವರ್ತಿ ಐದನೇ ಕಾರ್ಲೋಸ್ ಕಾಲದಲ್ಲಿ ಆರಂಭವಾದ ಕೆಲಸವನ್ನು ಸರಗೋಸಾದ ಪಾದ್ರಿ ರಾಮೋನ್ ಪಿಗ್ನಾತೆಲ್ಲಿ ಮುಂದುವರಿಸಿ 1784ರಲ್ಲಿ ಸರಗೋಸಾಕ್ಕೆ ನೀರು ತಂದ. ಆಗದ ಕೆಲಸ ಎಂದವರಿಗೆ ಉತ್ತರವಾಗಿ 1786ರಲ್ಲಿ ನಂಬದವರ ಕಾರಂಜಿ ಎಂದೇ ಒಂದನ್ನು ಕಟ್ಟಿಸಲಾಯಿತು, ಸರಗೋಸಾದಲ್ಲಿ ಅದು ಇಂದಿಗೂ ಇದೆ. ನಾಲೆಯ ದಾರಿಯುದ್ದಕ್ಕೂ ಸೈಕಲ್ ಹೊಡೆಯಬಹುದು. ಗ್ರಿಸೇನ್‌ನಲ್ಲಿ ನಾಲೆ ಹಾಲೋನ್ ನದಿಯ ಮೇಲೆ ಸೇತುವೆಯಾಗಿ ದಾಟುತ್ತದೆ. ಅರ್ಧ ದಿನ ಅಲ್ಲಿಗೆ ಮೀಸಲಿಡುವುದು ಸಾರ್ಥಕ.

ಈ ಮನುಷ್ಯ ನಿರ್ಮಿತ ನಾಲೆಯ ತಳದಲ್ಲಿ ಯುರೋಪಿನ ಅತ್ಯಂತ ಅಪರೂಪದ ಕಪ್ಪೆಚಿಪ್ಪು ಸಿಕ್ಕಿದ್ದು ಯಾರೂ ಎದುರುನೋಡದ ಸಂಗತಿ. 1793ರಲ್ಲಿ ಚಿಪ್ಪುಗಳ ತಜ್ಞ ಸ್ಪೆಂಗ್ಲರ್ ವಿವರಿಸಿದ, ಇಂದು ಸ್ಯೂಡುನಿಯೊ ಆರಿಕ್ಯುಲೇರಿಯಸ್ ಎಂದು ಕರೆಯುವ ಈ ದೈತ್ಯ ಚಿಪ್ಪಿನ ಉದ್ದ 18 ಸೆಂಟಿಮೀಟರ್ ದಾಟುತ್ತದೆ. ಕಪ್ಪು ಹೊರಮೈ, ದಪ್ಪ ಗೋಡೆ, ಒಳಗೆ ಗಟ್ಟಿ ಮುತ್ತಿನ ಪದರ. ಒಮ್ಮೆ ಲಂಡನ್ನಿನ ಥೇಮ್ಸ್‌ನಿಂದ ಇಟಲಿಯ ಪೊ ನದಿಯವರೆಗೆ ಇದ್ದದ್ದು. ಇಪ್ಪತ್ತನೇ ಶತಮಾನದಲ್ಲಿ ಅಳಿದೇ ಹೋಯಿತೆಂದು ಬಗೆದಿದ್ದರು. ಕೆಳ ಎಬ್ರೊದಲ್ಲಿ ಇನ್ನೂ ಬದುಕಿದೆ ಎಂದು ಜೀವವಿಜ್ಞಾನಿ ಕ್ರಿಸ್ಟಿಯನ್ ಅಲ್ಟಾಬಾ 1990ರಲ್ಲಿ ಬರೆದರು. 1996ರಲ್ಲಿ ಮ್ಯಾಡ್ರಿಡ್‌ನ ಪ್ರಕೃತಿ ವಿಜ್ಞಾನ ಸಂಗ್ರಹಾಲಯದ ರಫಾಯೆಲ್ ಅರೌಹೊ ಮತ್ತು ಮರಿಯಾ ಆಂಹೆಲೆಸ್ ರಾಮೋಸ್ ಈ ನಾಲೆಯಲ್ಲಿ ದೊಡ್ಡ ನೆಲೆಯನ್ನೇ ಕಂಡರು. ಫ್ರಾನ್ಸಿನ ಶರಾಂತ್, ವಿಯೆನ್, ಕ್ರೂಸ್ ಮುಂತಾದ ಕೆಲವು ನದಿಗಳಲ್ಲೂ ಉಳಿದಿದೆ.

ನಾಲೆ ಇದಕ್ಕೆ ಏಕೆ ಒಗ್ಗಿತು? ನೀರು ವರ್ಷದ ಬಹುಪಾಲು ಒಂದೇ ಮಟ್ಟದಲ್ಲಿ, ಒಂದೇ ವೇಗದಲ್ಲಿ ಹರಿಯುತ್ತದೆ. ತಳ ಕಾಂಕ್ರೀಟಲ್ಲ, ಜಲ್ಲಿ ಮತ್ತು ಮಣ್ಣು. ಪ್ರವಾಹದ ಹೊಡೆತವಿಲ್ಲ. ಆದರೆ ಅದೇ ನಾಲೆಯ ಪಾಲಕರಿಗೆ ಸೋರಿಕೆ ತಡೆಯುವ ಚಿಂತೆ. ಕಾಂಕ್ರೀಟ್ ಹಾಸಿದ ಭಾಗದಲ್ಲಿ ಚಿಪ್ಪಿಗೆ ಕಾಲೂರಲು ನೆಲವೇ ಇಲ್ಲ. ಚಳಿಗಾಲದಲ್ಲಿ ನೀರು ನಿಲ್ಲಿಸಿ ದುರಸ್ತಿ ಮಾಡುವಾಗ ತಳ ಬಯಲಾಗುತ್ತದೆ. ಮಂಜು ಬಿದ್ದ ರಾತ್ರಿ ಬಯಲಿಗೆ ಬಿದ್ದ ಚಿಪ್ಪು ಉಳಿಯುವುದಿಲ್ಲ, ಯಂತ್ರದ ಚಕ್ರದಡಿ ಸಿಕ್ಕಿದ್ದಂತೂ ಸರಿಯೇ. ಆದ್ದರಿಂದ ನೀರನ್ನು ಮೆಲ್ಲಗೆ ಇಳಿಸುವುದು, ತಳದ ತಗ್ಗುಗಳಲ್ಲಿ ಕನಿಷ್ಠ ಒಂದು ಪದರ ನೀರು ಉಳಿಸುವುದು, ಯಂತ್ರ ಇಳಿಯುವ ಮೊದಲು ತಜ್ಞರು ಸಾಲಾಗಿ ನಡೆದು ಚಿಪ್ಪುಗಳನ್ನು ಎತ್ತುವುದು ಅಗತ್ಯ. ಅರಗಾನ್ ಸರಕಾರ 2005ರಲ್ಲಿ ಈ ಜಾತಿಗೆಂದೇ ಚೇತರಿಕೆ ಯೋಜನೆಯನ್ನು ಕಾನೂನಾಗಿ ತಂದಿತು.

ಇಲ್ಲಿಯೂ ಅದೇ ಪ್ರಶ್ನೆ. ಸಾವಿರಾರು ಚಿಪ್ಪುಗಳು ಎಣಿಕೆಗೆ ಸಿಕ್ಕಿದವು, ಎಲ್ಲ ದೊಡ್ಡವೇ. ಮರಿ ಇಲ್ಲ. ಕಳೆದ ದಶಕದಲ್ಲಿ ಆ ದೊಡ್ಡವೂ ಸಾಮೂಹಿಕವಾಗಿ ಸಾಯತೊಡಗಿದಾಗ ಅವುಗಳ ಜಾಗ ತುಂಬಲು ಹಿಂದೆ ಯಾರೂ ಇರಲಿಲ್ಲ. ಇಷ್ಟೊಂದು ಇವೆಯಲ್ಲ ಎಂದು ನಿರಾಳವಾದ ವರ್ಷಗಳೇ ಕೈಜಾರಿದ ವರ್ಷಗಳು. ಈ ಇಡೀ ದಾರಿಯಲ್ಲಿ ಮನಸ್ಸಿಗೆ ಅತ್ಯಂತ ನೋವು ತರುವ ಸಂಗತಿ ಇದು.

ನಾಲ್ಕನೇ ದಿನ: ಲಾ ಅಲ್ಫ್ರಾಂಕಾ, ಸಾಸ್ತಗೊ

ಸರಗೋಸಾದ ಹೊರವಲಯದ ಪಾಸ್ತ್ರಿಸ್ ಬಳಿ ಎಬ್ರೊ ದಡದಲ್ಲಿ ಲಾ ಅಲ್ಫ್ರಾಂಕಾ ಇದೆ. ಸಾರ್ವಜನಿಕರಿಗೆ ತೆರೆದ ನಿಸರ್ಗ ಕೇಂದ್ರದ ಆವರಣದಲ್ಲೇ ದೈತ್ಯ ಚಿಪ್ಪಿನ ಸಾಕಣೆ ನಡೆಯುತ್ತದೆ. ಪ್ರಯೋಗಾಲಯಕ್ಕೆ ಪ್ರವಾಸಿಗರ ಪ್ರವೇಶ ಬಯಸುವುದು ಸರಿಯಲ್ಲ. ಶೂಗೆ ಅಂಟಿದ ಒಂದು ಹನಿ ನೀರು ಸಾಕು ಹಾನಿಗೆ.

ಈ ಜಾತಿಯ ಲಾರ್ವಾ ಯೂನಿಯೊದ್ದಕ್ಕಿಂತ ಚಿಕ್ಕದು, ಕೊಕ್ಕೆ ಇಲ್ಲ, ಕಿವಿರಿಗೆ ಮಾತ್ರ ಅಂಟುತ್ತದೆ. ಹೊರಬೀಳುವುದು ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗಿನ ತಂಪಿನಲ್ಲಿ. ಮೂಲ ಆತಿಥೇಯ ಯುರೋಪಿನ ಸ್ಟರ್ಜನ್ ಮೀನು, ಅದು ಎಬ್ರೊದಿಂದ 1970ರ ದಶಕದ ಹೊತ್ತಿಗೆ ಕಾಣೆಯಾಯಿತು. ಹೊಳೆಯ ಬ್ಲೆನಿ ಮೀನೂ ಲಾರ್ವಾವನ್ನು ಹೊರಬಲ್ಲದೆಂದು 2001ರಲ್ಲಿ ಪ್ರಕಟವಾದಾಗ ಸಾಕಣೆಯ ಬಾಗಿಲು ತೆರೆಯಿತು. ಬ್ಲೆನಿ ಗೇಣುದ್ದವೂ ಬೆಳೆಯದ ಮೀನು. ಕಲ್ಲಿನಡಿಯಲ್ಲಿ ಮೊಟ್ಟೆ ಅಂಟಿಸಿದ ಮೇಲೆ ಗಂಡು ಕಾವಲು ಕೂರುತ್ತದೆ. ಹೂಳು ಕಲ್ಲುಗಳ ಸಂದು ಮುಚ್ಚಿದರೆ, ಜಲ್ಲಿ ತೆಗೆದುಹಾಕಿದರೆ ಗೂಡಿಗೆ ಜಾಗವಿಲ್ಲ. ದೈತ್ಯ ಚಿಪ್ಪಿನ ಮರಿಗಳನ್ನು ಬ್ಲೆನಿಯ ಮೇಲೆ ಪಡೆದು ಬೆಳೆಸಿದ ಫಲಿತಾಂಶವನ್ನು ಅರಗಾನಿನ ತಂಡ 2018ರಲ್ಲಿ ಪ್ರಕಟಿಸಿತು. ಈ ಮರಿಗಳು ಬೆಳೆಯುವುದು ಬಹಳ ನಿಧಾನ. ಮೊದಲ ಕೆಲವು ತಿಂಗಳಲ್ಲಿ ಸಾಯುವವೇ ಹೆಚ್ಚು.

ಮಧ್ಯಾಹ್ನ ಕೆಳದಾರಿ ಹಿಡಿದು ಸಾಸ್ತಗೊ. ಎಬ್ರೊ ಇಲ್ಲಿ ದೊಡ್ಡ ದೊಡ್ಡ ಬಳಸುಗಳಲ್ಲಿ ತಿರುಗುತ್ತದೆ. ರುಯೇದಾ ಮಠದ ಬೃಹತ್ ನೀರೆತ್ತುವ ಚಕ್ರ ನೋಡಲೇಬೇಕಾದದ್ದು. ಈ ಊರಿನಲ್ಲಿ ಒಂದು ಕಾಲಕ್ಕೆ ದೈತ್ಯ ಚಿಪ್ಪಿನ ಮುತ್ತಿನ ಪದರದಿಂದ ಚಾಕುವಿನ ಹಿಡಿಕೆ ಮಾಡುವ ಕಸುಬಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಸ್ಪೇನಿನಲ್ಲೇ ಉಳಿಯಬೇಕಾಗಿ ಬಂದ ಜರ್ಮನ್ ತಜ್ಞ ಫ್ರಿಟ್ಸ್ ಹಾಸ್ ಎಬ್ರೊದ ಚಿಪ್ಪುಗಳನ್ನು ಅಧ್ಯಯನ ಮಾಡಿದ. ಆಮೇಲೆ ಹಲವು ದಶಕ ಈ ಜೀವಿಯ ಬಗ್ಗೆ ಮೌನ.

ಐದನೇ ದಿನ: ಅಣೆಕಟ್ಟುಗಳ ಸಾಲು

ಮೆಕಿನೆನ್ಸಾ, ರಿಬರೋಹ, ಫ್ಲಿಶ್. ಒಂದರ ಬೆನ್ನಿಗೆ ಒಂದು ಅಣೆಕಟ್ಟು. ನಿಂತ ನೀರಿನ ತಳದಲ್ಲಿ ಹೂಳಿನ ರಾಶಿ, ಕೆಳಗಿನ ನದಿಗೆ ಹೊಸ ಜಲ್ಲಿ ಮರಳಿಲ್ಲ. ದೈತ್ಯ ಚಿಪ್ಪಿಗೆ ಬೇಕಾದ ಹರಿವ ಜಲ್ಲಿ ತಳ ಈ ಭಾಗದಲ್ಲಿ ಉಳಿದಿಲ್ಲ.

2001ರಲ್ಲಿ ಈ ಜಲಾಶಯಗಳ ಭಾಗದಲ್ಲೇ ಜೀಬ್ರಾ ಮಸೆಲ್ ಎಂಬ ಪರಕೀಯ ಪಟ್ಟೆ ಚಿಪ್ಪು ಪತ್ತೆಯಾಯಿತು. ಇದಕ್ಕೆ ಮೀನು ಬೇಡ, ಲಾರ್ವಾ ನೀರಿನಲ್ಲಿ ತೇಲಿಯೇ ಬೆಳೆಯುತ್ತದೆ. ನಾರಿನ ಎಳೆಗಳಿಂದ ಗಟ್ಟಿ ಮೇಲ್ಮೈಗೆ ಅಂಟುತ್ತದೆ, ಮರಳಿನ ತಳದಲ್ಲಿ ಸಿಗುವ ಗಟ್ಟಿ ಮೇಲ್ಮೈ ಎಂದರೆ ಸ್ಥಳೀಯ ಕಪ್ಪೆಚಿಪ್ಪೇ. ಸೀಳುಗಳ ಸುತ್ತ ನೂರಾರು ಅಂಟಿಕೊಂಡರೆ ಬಾಯಿ ತೆರೆಯಲಾಗದೆ, ಇಲ್ಲವೇ ಮುಚ್ಚಲಾಗದೆ, ಹಸಿವಿನಿಂದ ಸಾಯುತ್ತದೆ. ಕೈಯಿಂದ ಬಿಡಿಸಬಹುದು. ಆದರೆ ಎಳೆಯಬಾರದು, ಎಳೆಗಳನ್ನು ಚೂಪು ಅಲಗಿನಿಂದ ಕತ್ತರಿಸಬೇಕು. ಎಳೆದರೆ ಚಿಪ್ಪಿನ ಅಂಚು ಮುರಿಯುತ್ತದೆ.

ಪ್ರವಾಸಿಗರಿಗೆ ಇಲ್ಲಿ ನಿಜವಾದ ಜವಾಬ್ದಾರಿ ಇದೆ. ಲಾರ್ವಾ ಕಣ್ಣಿಗೆ ಕಾಣದಷ್ಟು ಚಿಕ್ಕದು. ಬೂಟು, ಬಲೆ, ಕಯಾಕ್, ಜೀವರಕ್ಷಕ ಜಾಕೆಟ್ ಎಲ್ಲವನ್ನೂ ಈ ನೀರಿನಿಂದ ಹೊರತಂದ ಕೂಡಲೇ ಉಳಿದ ನೀರನ್ನು ದಡದಲ್ಲೇ ಚೆಲ್ಲಿ, 60 ಡಿಗ್ರಿ ಬಿಸಿನೀರಿನಿಂದ ಒತ್ತಡದಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು. ಬೂಟಿನ ಒಳಗಿನ ಹಾಸು ಮತ್ತು ಲೇಸಿನ ಗಂಟು ಒಣಗುವುದು ಕೊನೆಗೆ, ಬಹುಪಾಲು ತಪ್ಪು ಅಲ್ಲಿಯೇ. ಈ ಕಾರಣಕ್ಕೇ ಬಾನ್ಯೋಲೆಸ್ ಮೊದಲು, ಎಬ್ರೊ ಆಮೇಲೆ ಎಂಬ ಕ್ರಮ. ತಿರುಗಿಸಿ ಹೋಗುವುದು ಬೇಡ.

ಆರನೇ ದಿನ: ಶೆರ್ತಾ, ತೊರ್ತೋಸಾ, ಮುಖಜಭೂಮಿ

ಶೆರ್ತಾದ ಹಳೆಯ ಒಡ್ಡು ನದಿಗೆ ಓರೆಯಾಗಿ ಅಡ್ಡಗಟ್ಟಿ ನೀರನ್ನು ಎಡದಂಡೆ ಬಲದಂಡೆ ನಾಲೆಗಳಿಗೆ ತಿರುಗಿಸುತ್ತದೆ. ಆ ನೀರೇ ಮುಖಜಭೂಮಿಯ ಭತ್ತದ ಗದ್ದೆಗಳನ್ನು ತುಂಬುವುದು. ಮೇ ತಿಂಗಳಲ್ಲಿ ಗದ್ದೆಗಳೆಲ್ಲ ನೀರು ನಿಂತು ಹೊಳೆಯುತ್ತಿರುತ್ತವೆ.

ಒಡ್ಡನ್ನು ಮೀನು ಹತ್ತಲಾರದೆ ಎಷ್ಟೋ ಕಾಲ ಕಳೆಯಿತು. ವಲಸೆ ಮೀನುಗಳಿಗೆ ದಾರಿ ಮಾಡಿಕೊಡುವ, 2014ರ ನಂತರದ ಮಿಗ್ರಾತೊಎಬ್ರೆ ಯೋಜನೆಯಲ್ಲಿ ಇಲ್ಲಿ ಮೀನಿನ ಮೆಟ್ಟಿಲು ಕಟ್ಟಿದರು. ಮೆಟ್ಟಿಲು ಕಟ್ಟಿದರಷ್ಟೇ ಸಾಲದು: ಪ್ರವೇಶದ ಬಾಯಿಯಲ್ಲಿ ನೀರಿನ ಸೆಳೆತ ಸಾಕಷ್ಟಿಲ್ಲದಿದ್ದರೆ ಮೀನಿಗೆ ಅದು ಸಿಗುವುದೇ ಇಲ್ಲ, ತೇಲಿಬಂದ ಕೊಂಬೆಗಳನ್ನು ತೆಗೆಯುತ್ತಿರದಿದ್ದರೆ ಒಂದೇ ಮಳೆಗೆ ಮುಚ್ಚಿಹೋಗುತ್ತದೆ.

ನಾಲೆಗಳಲ್ಲಿ ಯೂನಿಯೊ ಮಾಂಕಸ್, ಅನೊಡೊಂಟ ಜೊತೆಗೆ ದಪ್ಪ ಚಿಪ್ಪಿನ, ಗಟ್ಟಿ ಹಲ್ಲಿನ ಪೊಟೊಮಿಡ ಲಿಟ್ಟೊರಾಲಿಸ್ ನೋಡಬೇಕು. ಇದನ್ನು ಗೆರೆಗೆರೆಯ ಪುಟ್ಟ ತ್ರಿಕೋನದ ಕೊರ್ಬಿಕ್ಯುಲ ಎಂಬ ಏಷ್ಯಾದ ಪರಕೀಯ ಚಿಪ್ಪಿನೊಡನೆ ಗೊಂದಲ ಮಾಡಿಕೊಳ್ಳಬಾರದು. ಕಟಲೋನಿಯಾದಿಂದ 2009ರಲ್ಲಿ ವರದಿಯಾದ ಚೀನಾದ ದೈತ್ಯ ಸಿನಾನೊಡೊಂಟವೂ ಹಲ್ಲಿಲ್ಲದ್ದೇ, ಆದರೆ ಅನೊಡೊಂಟಕ್ಕಿಂತ ದುಂಡಗೆ, ಬಹಳ ದೊಡ್ಡದು. ಅದಕ್ಕೆ ಬಹುತೇಕ ಯಾವ ಮೀನಾದರೂ ನಡೆಯುತ್ತದೆ. ಅದರ ಗೆಲುವಿನ ಗುಟ್ಟು ಇಷ್ಟೇ.

ಚಳಿಗಾಲದಲ್ಲಿ ಈ ನಾಲೆಗಳ ಹೂಳೆತ್ತುವಾಗ ಯಂತ್ರದ ಬಕೆಟ್ಟು ಚಿಪ್ಪುಗಳನ್ನೂ ಎತ್ತಿ ದಂಡೆಗೆ ಸುರಿಯುತ್ತದೆ. ಆ ರಾಶಿಯನ್ನು ಅದೇ ದಿನ ಕೆದಕಿ ನೋಡುವುದು ಅತಿ ಅಗ್ಗದ, ಅತಿ ಫಲಕಾರಿ ಸಂರಕ್ಷಣೆ. ಮಾರನೆಯ ದಿನಕ್ಕೆ ಮೇಲ್ಪದರ ಒಣಗಿ ಚಿಪ್ಪು ಬಾಯಿ ಬಿಟ್ಟಿರುತ್ತದೆ. ಬಕೆಟ್ಟಿನ ತಳದಲ್ಲಿ ನೀರು ಇಳಿಯುವ ಜಾಲರಿ ಇಟ್ಟು, ಒಂದು ಬದಿಯ ಅಂಚನ್ನು ಆ ವರ್ಷ ಮುಟ್ಟದೆ ಬಿಟ್ಟರೆ ಇನ್ನೂ ಒಳ್ಳೆಯದು. 2009ರಲ್ಲಿ ಎಡದಂಡೆಯ ಗದ್ದೆಗಳಲ್ಲಿ ದಕ್ಷಿಣ ಅಮೆರಿಕದ ಸೇಬು ಬಸವನಹುಳು ಕಾಣಿಸಿಕೊಂಡಾಗ ಅದನ್ನು ಕೊಲ್ಲಲು ಗದ್ದೆಗೆ ಸಮುದ್ರದ ನೀರು ತುಂಬಿಸಿದರು. ಉಪ್ಪು ಬಸವನಹುಳುವನ್ನೂ ಸಿಹಿನೀರಿನ ಕಪ್ಪೆಚಿಪ್ಪನ್ನೂ ಬೇರ್ಪಡಿಸಿ ನೋಡುವುದಿಲ್ಲ. ಗದ್ದೆಯಿಂದ ಬಸಿಗಾಲುವೆಗೆ ಇಳಿಯುವ ಉಪ್ಪುನೀರು ಎಲ್ಲಿಗೆ ಹೋಗುತ್ತದೆಂದು ತೂಬು ಎತ್ತುವ ಮುನ್ನವೇ ಲೆಕ್ಕ ಹಾಕಬೇಕು.

ಕೆಳ ಎಬ್ರೊಗೆ 2023ರಲ್ಲಿ ಸ್ಟರ್ಜನ್ ಮರಿಗಳನ್ನು ಮತ್ತೆ ಬಿಡಲಾಯಿತು. ಮರಿಗಳು ಬಂದದ್ದು ಫ್ರಾನ್ಸಿನ ಸಾಕಣೆಯಿಂದ, ಮೈಯೊಳಗಿನ ಪುಟ್ಟ ಪ್ರೇಷಕಗಳು ಅವು ಎಲ್ಲಿಗೆ ಈಜಿದವೆಂದು ಹೇಳುತ್ತವೆ. ಹೆಣ್ಣು ಸ್ಟರ್ಜನ್ ಮೊಟ್ಟೆ ಇಡಲು ಹದಿಮೂರು ವರ್ಷವೋ ಅದಕ್ಕೂ ಹೆಚ್ಚೋ ಬೇಕು, ಅಂದರೆ ಎಲ್ಲ ಸರಿಹೋದರೂ 2030ರ ದಶಕದ ಕೊನೆಗೆ. ಅಷ್ಟರವರೆಗೆ ದೈತ್ಯ ಚಿಪ್ಪಿನ ಲಾರ್ವಾಕ್ಕೆ ಕೆಳ ಎಬ್ರೊದಲ್ಲಿ ಉಳಿದಿರುವ ಗಟ್ಟಿ ಆಸರೆ ಬ್ಲೆನಿ. ತೊರ್ತೋಸಾ ಸೇತುವೆಯ ಕೆಳಗಿನ ಜಲ್ಲಿ ದಿಬ್ಬಗಳಲ್ಲಿ ನಿಂತು ಅಂಗೈಯಗಲದ ಕಲ್ಲುಗಳ ಸಂದು ತೆರೆದಿದೆಯೇ, ಹೂಳು ತುಂಬಿದೆಯೇ ಎಂದು ನೋಡಿದರೆ ಆ ಆಸರೆ ಎಷ್ಟು ಗಟ್ಟಿ ಎಂಬುದು ಗೊತ್ತಾಗುತ್ತದೆ. ಕಲ್ಲನ್ನು ಎತ್ತಬೇಡಿ, ಮೇ ತಿಂಗಳಲ್ಲಿ ಅದರಡಿ ಮೊಟ್ಟೆ ಇರುತ್ತದೆ. ತೊರ್ತೋಸಾದಿಂದ ಬಾರ್ಸಿಲೋನಾಕ್ಕೆ ಪ್ರಾದೇಶಿಕ ರೈಲುಗಳಿವೆ.